ಅಡ್ಜಸ್ಟ್ ಮಾಡಿ ಅನ್ನುವವರು ಎಲ್ಲಿ ಕೂತಿದ್ದಾರೆ?

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಕ್ರಿಯಾಪದಗಳು ನೂರಾರು. ಅವುಗಳಲ್ಲಿ ಟೀ ಶರ್ಟಿನ ಮೇಲೆ ಅಚ್ಚಾಗುವ ಭಾಗ್ಯ ಪಡೆದದ್ದು ಬಹುಶಃ ಒಂದೇ. 'ಸ್ವಲ್ಪ ಅಡ್ಜಸ್ಟ್ ಮಾಡಿ' ಎಂದು ಬರೆದ ಅಂಗಿ, ಕಾಫಿ ಮಗ್ಗು, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಬಿಲ್ಲೆ ಬೆಂಗಳೂರಿನಲ್ಲಿ ಮಾರಾಟಕ್ಕಿವೆ. ಹೊರಗಿನಿಂದ ಬಂದವರು ಕಲಿಯುವ ಮೊದಲ ಕನ್ನಡ ವಾಕ್ಯಗಳಲ್ಲಿ ಅದೂ ಒಂದು. ಅರ್ಧ ಇಂಗ್ಲಿಷೇ ಆದ್ದರಿಂದ ಕಲಿಯಲು ಕಷ್ಟವೂ ಇಲ್ಲ. ಕನ್ನಡಿಗರ ಸ್ವಭಾವವನ್ನೇ ಮೂರು ಪದಗಳಲ್ಲಿ ಹಿಡಿದಿಟ್ಟಂತಿದೆ ಎಂದು ಅದನ್ನು ಹೊಗಳುವವರನ್ನು ಕೇಳಿದ್ದೇನೆ. ನನ್ನ ತಕರಾರು ಇರುವುದು ಈ ಹೊಗಳಿಕೆಯ ಮೇಲೆ. ಈ ಕ್ರಿಯಾಪದ ಯಾರ ಬಾಯಿಂದ ಯಾರ ಕಿವಿಗೆ ಹೋಗುತ್ತದೆ, ಹೋದಮೇಲೆ ಅಲ್ಲಿ ಏನು ಮಾಡುತ್ತದೆ ಎಂದು ನೋಡದೆ ಅದನ್ನು ಎದೆಯ ಮೇಲೆ ಬರೆಸಿಕೊಂಡು ತಿರುಗುವುದು ನನಗೆ ಹಿಡಿಸುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ತಪ್ಪು ಇಂಗ್ಲಿಷು, ಲಂಡನ್ನಿನಲ್ಲಿ ಹೀಗೆ ಹೇಳಿದರೆ ನಗುತ್ತಾರೆ ಎಂಬ ಮೇಷ್ಟರ ಆಕ್ಷೇಪ ನನ್ನದಲ್ಲ. ನಗುವವರು ನಗಲಿ. ನಮ್ಮ ಬಸ್ಸು, ರೈಲು, ಬಾಡಿಗೆ ಮನೆಗಳಲ್ಲಿ ಇಷ್ಟು ದುಡಿದ ಪದ ನಮ್ಮದೇ. ಅದರ ಅರ್ಥ ನಿರ್ಧರಿಸುವ ಹಕ್ಕೂ ನಮ್ಮದೇ. ಆ ಹಕ್ಕನ್ನು ಚಲಾಯಿಸಿ ನಾವು ಮಾಡಿಕೊಂಡಿರುವ ಅರ್ಥದ ಬಗ್ಗೆಯೇ ನಾನು ಜಗಳ ತೆಗೆಯುತ್ತಿರುವುದು.

ಎಷ್ಟು ಅರ್ಥಗಳಿವೆ ನೋಡಿ. ಕುರ್ಚಿಯ ಎತ್ತರ ಅಡ್ಜಸ್ಟ್ ಮಾಡುತ್ತೇವೆ, ಫ್ಯಾನಿನ ವೇಗ ಅಡ್ಜಸ್ಟ್ ಮಾಡುತ್ತೇವೆ. ಇದು ಇಂಗ್ಲಿಷಿನವರಿಗೂ ಗೊತ್ತಿರುವ ಅರ್ಥ. ಮುಂದಿನದು ನಮ್ಮ ಸ್ವಂತ ದುಡಿಮೆ. 'ಒಂದೆರಡು ಸಾವಿರ ಅಡ್ಜಸ್ಟ್ ಮಾಡ್ತೀರಾ?' ಎಂದರೆ ಕೈಗಡ ಕೊಡಿ. 'ದುಡ್ಡು ಇನ್ನೂ ಅಡ್ಜಸ್ಟ್ ಆಗಿಲ್ಲ' ಎಂದರೆ ಹೊಂಚಲು ಆಗಿಲ್ಲ. 'ಎರಡು ರೂಪಾಯಿ ಅಡ್ಜಸ್ಟ್ ಮಾಡಿ' ಎಂದರೆ ಚಿಲ್ಲರೆ ಇಲ್ಲ, ಚಾಕೊಲೇಟು ತಗೊಂಡು ಸುಮ್ಮನೆ ಹೋಗಿ. 'ಹುಡುಗಿ ತುಂಬಾ ಅಡ್ಜಸ್ಟಿಂಗ್' ಎಂದರೆ ಎದುರು ಮಾತಾಡುವುದಿಲ್ಲ. 'ಅವರಿಬ್ಬರದೂ ಅಡ್ಜಸ್ಟ್‌ಮೆಂಟು' ಎಂದರೆ ಹೊರಗೆ ಜಗಳ, ಒಳಗೆ ಹಂಚಿಕೆ. 'ಈ ತಿಂಗಳು ಅಡ್ಜಸ್ಟ್ ಮಾಡ್ಕೊಳ್ಳಿ' ಎಂದರೆ ಸಂಬಳ ಬರುವುದಿಲ್ಲ. ಒಂದೇ ಪದ ಸಾಲವೂ ಆಗಿದೆ, ಮೌನವೂ ಆಗಿದೆ, ಒಳಸಂಚೂ ಆಗಿದೆ. ಇಷ್ಟು ದೊಡ್ಡ ಚೀಲದಲ್ಲಿ ಯಾರು ಏನನ್ನು ಬೇಕಾದರೂ ಅಡಗಿಸಿಡಬಹುದು.

ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಒಂದು ಕರ್ಮ ಬೇಕು. ಗಡಿಯಾರವನ್ನು, ಕನ್ನಡಕವನ್ನು, ದರವನ್ನು ಅಡ್ಜಸ್ಟ್ ಮಾಡುತ್ತಾರೆ. ಮಾಡುವವನ ಕೈಯಲ್ಲಿ ಒಂದು ತಿರುಪು ಇರುತ್ತದೆ, ಎದುರಿಗೆ ತಿರುಗಿಸಬೇಕಾದ ಒಂದು ವಸ್ತು ಇರುತ್ತದೆ. ಕರ್ಮವಿಲ್ಲದೆ ಬಳಸುವಾಗ ಯಾವುದಕ್ಕೆ ಎಂಬುದನ್ನು ಹೆಚ್ಚಾಗಿ ಹೇಳುತ್ತಾರೆ: ಕಣ್ಣು ಕತ್ತಲಿಗೆ ಹೊಂದಿಕೊಂಡಿತು, ಮಗು ಹೊಸ ಶಾಲೆಗೆ ಹೊಂದಿಕೊಂಡಿತು. ನಮ್ಮ 'ಸ್ವಲ್ಪ ಅಡ್ಜಸ್ಟ್ ಮಾಡಿ'ಯಲ್ಲಿ ಇವೆರಡೂ ಮಾಯ. ಏನನ್ನು ಎಂದು ಹೇಳುವುದಿಲ್ಲ, ಯಾವುದಕ್ಕೆ ಎಂದೂ ಹೇಳುವುದಿಲ್ಲ. ಖಾಲಿ ಬಿಟ್ಟ ಆ ಜಾಗದಲ್ಲಿ ಬಂದು ಕೂರುವುದು ಕೇಳಿಸಿಕೊಂಡವರು. ತಿರುಗಬೇಕಾದ ತಿರುಪು ಅವರೇ.

ಪದದ ಮೂಲ ಹುಡುಕಿದರೆ ಒಂದು ತಮಾಷೆ ಸಿಗುತ್ತದೆ. ಲ್ಯಾಟಿನ್ನಿನಲ್ಲಿ 'ಯುಕ್ಸ್ತಾ' ಎಂದರೆ ಹತ್ತಿರ, ಪಕ್ಕ. ನಮ್ಮ 'ಯೋಗ', 'ಯುಗ್ಮ'ಗಳ ದೂರದ ನೆಂಟ. ಅದರಿಂದ ಹುಟ್ಟಿದ ಹಳೆಯ ಫ್ರೆಂಚ್ ಪದಕ್ಕೆ ಹತ್ತಿರ ತರು, ಜೋಡಿಸು ಎಂಬ ಅರ್ಥವಿತ್ತು. ಆಮೇಲೆ ಫ್ರೆಂಚರು ಅದನ್ನು 'ಜಸ್ಟ್', ಅಂದರೆ ನ್ಯಾಯವಾದದ್ದು, ಸರಿಯಾದದ್ದು ಎಂಬ ಇನ್ನೊಂದು ಪದದ ಬಂಧುವೆಂದು ತಪ್ಪು ತಿಳಿದು ಕಾಗುಣಿತವನ್ನೂ ಅರ್ಥವನ್ನೂ ಆ ಕಡೆಗೆ ವಾಲಿಸಿದರು. ಇಂಗ್ಲಿಷಿಗೆ ಬಂದದ್ದು ಈ ಕಸಿ ಮಾಡಿದ ರೂಪ. ಹೀಗೆ ಪದದ ಹೊಟ್ಟೆಯಲ್ಲಿ ಎರಡು ಮಾತುಗಳಿವೆ: ಹತ್ತಿರ ಸರಿಯುವುದು ಒಂದು, ಸರಿಪಡಿಸುವುದು ಇನ್ನೊಂದು. ನಾವು ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಕೈಬಿಟ್ಟೆವು.

ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದಗಳಿದ್ದವು, ಈಗಲೂ ಇವೆ. 'ಹೊಂದಿಸು' ಒಂದು. 'ಹೊಂದಿಕೊಳ್ಳು' ಇನ್ನೊಂದು. ಹೊಂದಿಸುವುದು ಕೈಯಲ್ಲಿ ಅಧಿಕಾರ, ಹಣ, ಹತ್ಯಾರು ಇದ್ದವರ ಕೆಲಸ. ಹೊಂದಿಕೊಳ್ಳುವುದು ಅವು ಇಲ್ಲದವರ ಪಾಡು. 'ಕೊಳ್ಳು' ಎಂಬ ಪುಟ್ಟ ಬಾಲ ಕ್ರಿಯೆಯನ್ನು ಮಾಡಿದವರ ಕಡೆಗೇ ತಿರುಗಿಸುತ್ತದೆ. ಕನ್ನಡದಲ್ಲಿ ಮಾತಾಡಿದರೆ ಯಾರು ಹೊಂದಿಸಬೇಕಿತ್ತು, ಯಾರು ಹೊಂದಿಕೊಳ್ಳುತ್ತಿದ್ದಾರೆ ಎಂಬುದು ವ್ಯಾಕರಣದಲ್ಲೇ ಬಯಲಾಗುತ್ತದೆ. 'ನೀರಿನ ವ್ಯವಸ್ಥೆ ಹೊಂದಿಸಿ' ಎಂದು ನಾನು ದೂರು ಕೊಟ್ಟರೆ, 'ಹೊಂದಿಕೊಳ್ಳಿ' ಎಂದು ಮುಖಕ್ಕೆ ಮುಖ ಕೊಟ್ಟು ಹೇಳಲು ಎದುರಿನವರಿಗೆ ಸ್ವಲ್ಪವಾದರೂ ನಾಚಿಕೆಯಾಗಬೇಕು. 'ಅಡ್ಜಸ್ಟ್ ಮಾಡಿ' ಎನ್ನಲು ಯಾರಿಗೂ ನಾಚಿಕೆಯಿಲ್ಲ. ನಾನು ಹೊಂದಿಸಿ ಅಂದದ್ದು, ಅವರು ಹೊಂದಿಕೊಳ್ಳಿ ಅಂದದ್ದು, ಎರಡೂ ಒಂದೇ ಪದದೊಳಗೆ ಕರಗಿಹೋಗುತ್ತವೆ. ದೂರು ಕೊಡಲು ಹೋದವರು ಉಪದೇಶ ಕಟ್ಟಿಸಿಕೊಂಡು ಬರುತ್ತಾರೆ.

ನಾನಿರುವುದು ದಾದರಿನಲ್ಲಿ. ಕರ್ನಾಟಕದ ಓದುಗರಿಗೆ ಈ ಹೆಸರು ರೈಲಿನ ಬೋರ್ಡುಗಳಿಂದ ಪರಿಚಯ: ಮೈಸೂರಿಗೆ ಹೋಗುವ ಶರಾವತಿ, ಹುಬ್ಬಳ್ಳಿಯ ಮೇಲೆ ಹಾದುಹೋಗುವ ಚಾಲುಕ್ಯ ಹೊರಡುವುದು ಇಲ್ಲಿಂದಲೇ. ಮುಂಬೈಯವರಿಗೆ ಮಾತ್ರ ದಾದರ್ ಎಂದರೆ ಪಶ್ಚಿಮ ರೈಲ್ವೆಯಿಂದ ಮಧ್ಯ ರೈಲ್ವೆಗೆ, ಮಧ್ಯದಿಂದ ಪಶ್ಚಿಮಕ್ಕೆ ದಾಟುವ ಜಾಗ. ಮರಾಠಿಯಲ್ಲಿ ದಾದರ್ ಎಂದರೆ ಮೆಟ್ಟಿಲು, ಏಣಿ ಎಂಬ ಅರ್ಥವೂ ಇದೆ. ದಿನಕ್ಕೆ ಲಕ್ಷಗಟ್ಟಲೆ ಜನ ಇಲ್ಲಿ ಮೆಟ್ಟಿಲು ಹತ್ತುತ್ತಾರೆ, ಮೆಟ್ಟಿಲು ಇಳಿಯುತ್ತಾರೆ. ಎರಡೂ ರೈಲ್ವೆಗಳು ಪ್ಲಾಟ್‌ಫಾರ್ಮುಗಳಿಗೆ ಒಂದರಿಂದ ಎಣಿಕೆ ಶುರುಮಾಡಿದ್ದರಿಂದ ಎಷ್ಟೋ ವರ್ಷ ಇಲ್ಲಿ ಎರಡು ಒಂದನೇ ನಂಬರು, ಎರಡು ಎರಡನೇ ನಂಬರು ಇದ್ದವು. ಹೊಸಬರು ಸಾಮಾನು ಹೊತ್ತು ತಪ್ಪು ಪ್ಲಾಟ್‌ಫಾರ್ಮಿಗೆ ಓಡುವುದು, ರೈಲು ತಪ್ಪುವುದು ಮಾಮೂಲಾಗಿತ್ತು. ಎಲ್ಲರೂ ಅಡ್ಜಸ್ಟ್ ಮಾಡಿಕೊಂಡಿದ್ದರು. 2023ರ ಡಿಸೆಂಬರಿನಲ್ಲಿ ಮಧ್ಯ ರೈಲ್ವೆಯ ಪ್ಲಾಟ್‌ಫಾರ್ಮುಗಳಿಗೆ ಎಂಟರಿಂದ ಹದಿನಾಲ್ಕು ಎಂದು ಹೊಸ ಸಂಖ್ಯೆ ಕೊಟ್ಟರು. ಬೋರ್ಡು ಬದಲಿಸಿದರು, ಘೋಷಣೆ ಬದಲಿಸಿದರು, ಮುಗಿಯಿತು. ಹೊಂದಿಸುವುದು ಎಂದರೆ ಇಷ್ಟೇ ಆಗಿತ್ತು.

ಈ ಕ್ರಿಯಾಪದದ ಒಳ್ಳೆಯ ಮುಖವನ್ನೂ ನಾನು ಕಂಡಿದ್ದು ಇಲ್ಲೇ, ಲೋಕಲ್ಲಿನ ಮಹಿಳಾ ಡಬ್ಬಿಯಲ್ಲಿ. ಮುಂಬೈ ಲೋಕಲ್ಲಿನ ಎರಡನೇ ದರ್ಜೆಯ ಸೀಟು ಮೂವರಿಗೆ. ಆದರೆ ಅಲ್ಲಿ ಕೂರುವವರು ನಾಲ್ವರು. ನಾಲ್ಕನೆಯವರದು ಸೀಟೆಂದು ಹೇಳುವಂತಿಲ್ಲ. ಒಂದು ತೊಡೆ ಹಲಗೆಯ ಮೇಲೆ, ಇನ್ನೊಂದು ಗಾಳಿಯಲ್ಲಿ, ಪಾದ ಓಣಿಯಲ್ಲಿ. ಅದಕ್ಕೆ ಹೆಸರೇ 'ಚೌಥಿ ಸೀಟ್'. ನಿಂತವರು 'ತಾಈ, ಜರಾ ಸರಕಾ ನಾ' ಎನ್ನುತ್ತಾರೆ ಇಲ್ಲವೇ 'ಥೋಡಾ ಅಡ್ಜಸ್ಟ್ ಕರೋ' ಎನ್ನುತ್ತಾರೆ. ಮೂವರೂ ಬೈದುಕೊಂಡೋ ಬೈದುಕೊಳ್ಳದೆಯೋ ಒಂದೊಂದು ಬೆರಳಷ್ಟು ಸರಿಯುತ್ತಾರೆ. ಎಲ್ಲಿ ಇಳಿಯುತ್ತೀರಿ ಎಂದು ಕೇಳಿ, ಇಳಿಯುವವರ ಸೀಟನ್ನು ಮೊದಲೇ ಗೊತ್ತುಮಾಡಿಕೊಳ್ಳುವ ಪದ್ಧತಿಯೂ ಇದೆ. ಇದಕ್ಕೆ ಬರೆದಿಟ್ಟ ನಿಯಮವಿಲ್ಲ, ಕಾವಲುಗಾರರಿಲ್ಲ. ಇದು ನಡೆಯುತ್ತದೆ. ಈ ನಗರದಲ್ಲಿ ನನಗೆ ಇಷ್ಟವಾದ ಕೆಲವೇ ಸಂಗತಿಗಳಲ್ಲಿ ಇದೊಂದು.

ಇದು ಯಾಕೆ ಸರಿ ಎನಿಸುತ್ತದೆ? ಕೇಳುವವರು ನಿಂತಿದ್ದಾರೆ. ಕೇಳಿಸಿಕೊಂಡವರು ಕೂತಿದ್ದಾರೆ. ಇಬ್ಬರೂ ಅದೇ ಡಬ್ಬಿಯಲ್ಲಿದ್ದಾರೆ. ಇವತ್ತು ಸರಿದವರು ನಾಳೆ ನಿಂತು ಕೇಳುವವರು. ಇಲ್ಲ ಎಂದರೂ ನಡೆಯುತ್ತದೆ. ಒಂದು ಕೆಟ್ಟ ನೋಟ ಬಿಟ್ಟರೆ ದಂಡವಿಲ್ಲ. ಅಡ್ಜಸ್ಟ್ ಎಂಬುದು ಇಲ್ಲಿ ಸಮಾನರ ನಡುವಿನ ಕೈಬದಲು. ಈಗ ಇದೇ ವಾಕ್ಯವನ್ನು ಆ ಡಬ್ಬಿಗೆ ಎಂದೂ ಹತ್ತದವರ ಬಾಯಲ್ಲಿ ಇಟ್ಟು ನೋಡಿ.

ರೈಲ್ವೆಯವರ ಭಾಷೆಯಲ್ಲಿ ಒಂದು ಪದಗುಚ್ಛವಿದೆ: ಸೂಪರ್ ಡೆನ್ಸ್ ಕ್ರಶ್ ಲೋಡ್. ಒಂದು ಚದರ ಮೀಟರ್ ನೆಲದ ಮೇಲೆ ಹದಿನಾಲ್ಕರಿಂದ ಹದಿನಾರು ಜನ ನಿಂತಿರುವ ಸ್ಥಿತಿಗೆ ಈ ಹೆಸರು. ಮನೆಯಲ್ಲಿ ಸೀಮೆಸುಣ್ಣದಿಂದ ಮೀಟರ್ ಉದ್ದ, ಮೀಟರ್ ಅಗಲದ ಚೌಕ ಬರೆದು ನಾಲ್ವರನ್ನು ನಿಲ್ಲಿಸಿ ನೋಡಿ. ಆಮೇಲೆ ಇನ್ನು ಹತ್ತು ಜನರನ್ನು ಊಹಿಸಿ. ಈ ಪದ ಹುಟ್ಟಿದ್ದು ದೂರು ಕೊಡಲಿಕ್ಕಲ್ಲ, ಲೆಕ್ಕ ಇಡಲಿಕ್ಕೆ. ಜನ ಎಷ್ಟರಮಟ್ಟಿಗೆ ಅಡ್ಜಸ್ಟ್ ಮಾಡಿಕೊಂಡಿದ್ದಾರೆ ಎಂದರೆ ಅದಕ್ಕೊಂದು ತಾಂತ್ರಿಕ ಅಳತೆಯೇ ಸಿಕ್ಕಿದೆ. 2023ರಲ್ಲಿ ಮುಂಬೈ ಉಪನಗರ ರೈಲು ಜಾಲದಲ್ಲಿ ಸತ್ತವರು 2,590. ಹಳಿ ದಾಟುವಾಗ ಸತ್ತವರು, ಬಾಗಿಲಿಂದ ಬಿದ್ದವರು ಎಲ್ಲ ಸೇರಿದ ಲೆಕ್ಕ. ದಿನಕ್ಕೆ ಏಳು. 2024ರ ಜೂನಿನಲ್ಲಿ ಬಾಂಬೆ ಹೈಕೋರ್ಟು ಈ ಅಂಕಿಗಳ ಮುಂದೆ ರೈಲ್ವೆಯನ್ನು ತರಾಟೆಗೆ ತೆಗೆದುಕೊಂಡು, ಪ್ರಯಾಣಿಕರನ್ನು ದನಗಳಂತೆ ಸಾಗಿಸುತ್ತಿರುವುದು ನಾಚಿಕೆಗೇಡು ಎಂಬರ್ಥದ ಮಾತಾಡಿತು. ಒಂದು ವರ್ಷದ ನಂತರ, 2025ರ ಜೂನ್ 9ರಂದು, ಮುಂಬ್ರಾದ ತಿರುವಿನಲ್ಲಿ ಎದುರುಬದುರು ಹಾದುಹೋದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತುಬಿದ್ದವರು ಹಳಿಗೆ ಉರುಳಿ ಸತ್ತರು. ಬಾಗಿಲಲ್ಲಿ ಜೋತುಬೀಳುವುದು ಶೋಕಿ ಎನ್ನುವವರು ಬೆಳಗಿನ ಎಂಟೂವರೆಗೆ ಒಮ್ಮೆ ಠಾಣೆಯಿಂದ ದಾದರಿಗೆ ಬರಲಿ.

ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣ ದಾದರಿನ ಪಕ್ಕದ್ದೇ. ಈಗ ಪ್ರಭಾದೇವಿ ಎಂದು ಹೆಸರು. ಗಿರಣಿಗಳು ಮುಚ್ಚಿ, ಆ ಜಾಗದಲ್ಲಿ ಗಾಜಿನ ಕಚೇರಿಗಳು ಎದ್ದಮೇಲೆ ಅಲ್ಲಿ ಇಳಿಯುವವರ ಸಂಖ್ಯೆ ಹಲವು ಪಟ್ಟು ಹೆಚ್ಚಿತು. ಪರೇಲ್ ಕಡೆಗೆ ದಾಟುವ ಮೇಲ್ಸೇತುವೆ ಮಾತ್ರ ಹಳೆಯದೇ, ಇಕ್ಕಟ್ಟಿನದೇ. ಹೊಸದು ಬೇಕೆಂದು ಪ್ರಯಾಣಿಕರು ವರ್ಷಗಟ್ಟಲೆ ಕೇಳಿದ್ದರು. 2017ರ ಸೆಪ್ಟೆಂಬರ್ 29ರ ಬೆಳಗ್ಗೆ, ದಸರೆಯ ಹಿಂದಿನ ದಿನ, ಮಳೆ ಬಂತು. ಮಳೆಗೆ ಮೆಟ್ಟಿಲ ಮೇಲೆ ನಿಂತವರ ಮೇಲೆ ರೈಲಿಳಿದು ಬಂದವರು ಸೇರಿಕೊಂಡರು. ಕಾಲ್ತುಳಿತದಲ್ಲಿ 23 ಜನ ಸತ್ತರು. ದಾದರಿನ ಹೂವಿನ ಮಾರುಕಟ್ಟೆಯಿಂದ ಹೂ ಹೊತ್ತು ಹಬ್ಬದ ಮುಂಚಿನ ದಿನ ಓಡಾಡುವವರು ಈ ಭಾಗದಲ್ಲಿ ಬಹಳ. ಯಾರೋ 'ಫೂಲ್' ಬಿತ್ತು ಎಂದದ್ದು 'ಪೂಲ್', ಅಂದರೆ ಸೇತುವೆ, ಬಿತ್ತು ಎಂದು ಕೇಳಿಸಿ ಗಾಬರಿ ಹೆಚ್ಚಿತು ಎಂದು ಆಗ ವರದಿಯಾಗಿತ್ತು. ಒಂದು ಅಕ್ಷರದ ಅಂತರಕ್ಕೆ ಜೀವ ಹೋಗುವಷ್ಟು ಇಕ್ಕಟ್ಟಿನಲ್ಲಿ ಜನರನ್ನು ದಿನವೂ ನಿಲ್ಲಿಸಿದವರು ಯಾರು ಎಂಬ ಪ್ರಶ್ನೆಗಿಂತ ಈ ವದಂತಿಯ ಕಥೆಯೇ ಹೆಚ್ಚು ದಿನ ಓಡಿತು. ಆಮೇಲೆ ಸೇನೆಯನ್ನು ಕರೆಸಿ ಹೊಸ ಸೇತುವೆ ಕಟ್ಟಿಸಿದರು. 2018ರ ಫೆಬ್ರವರಿ 27ರಂದು ಅದು ತೆರೆಯಿತು. ವರ್ಷಗಟ್ಟಲೆ ಅಡ್ಜಸ್ಟ್ ಮಾಡಿಕೊಳ್ಳಿ ಎಂದು ಸಾಗಹಾಕಿದ್ದ ಕೆಲಸಕ್ಕೆ ಮನಸ್ಸು ಮಾಡಿದಮೇಲೆ ಹಿಡಿದದ್ದು ತಿಂಗಳುಗಳು.

ಹೊಂದಿಸಲು ಬರುವುದಿಲ್ಲ ಎಂದಲ್ಲ, ಬರುತ್ತದೆ. 1992ರ ಮೇ ತಿಂಗಳಲ್ಲಿ ಪಶ್ಚಿಮ ರೈಲ್ವೆ ಚರ್ಚ್‌ಗೇಟಿನಿಂದ ಬೋರಿವಲಿಗೆ ಮಹಿಳೆಯರಿಗಾಗಿಯೇ ಇಡೀ ಒಂದು ಲೋಕಲ್ ಓಡಿಸಲು ಶುರುಮಾಡಿತು. ಒಂದೆರಡು ಡಬ್ಬಿಯೊಳಗೆ ಅಡ್ಜಸ್ಟ್ ಮಾಡಿಕೊಳ್ಳಿ ಎನ್ನುವ ಬದಲು ರೈಲನ್ನೇ ಹೊಂದಿಸಿದರು. ದಾದರ್ ಪೂರ್ವದ ಹಿಂದಮಾತಾ ಚೌಕ ಪ್ರತಿ ಮಳೆಗಾಲ ಕೆರೆಯಾಗುತ್ತಿತ್ತು. ಮೊಣಕಾಲು ನೀರಲ್ಲಿ ಸೀರೆ ಎತ್ತಿಕೊಂಡು ಹೋಗುವವರ ಚಿತ್ರ ಪತ್ರಿಕೆಗಳಲ್ಲಿ ವರ್ಷಕ್ಕೊಮ್ಮೆ, ಕೆಳಗೆ ಮುಂಬೈಯ ಛಲ, ಮುಂಬೈಯ ಸ್ಪಿರಿಟ್ ಎಂಬ ಹೊಗಳಿಕೆ. (ಈ ಸ್ಪಿರಿಟ್ ಎಂಬುದು ಅಡ್ಜಸ್ಟ್‌ನ ಹಬ್ಬದ ಉಡುಪು. ಬಾಂಬು ಸಿಡಿದ ಮರುದಿನ ಜನ ಕೆಲಸಕ್ಕೆ ಹೋದರೆ ಅದು ಸ್ಪಿರಿಟ್. ಹೋಗದಿದ್ದರೆ ಸಂಬಳ ಕತ್ತರಿಸುತ್ತಾರೆ ಎಂದು ಯಾವ ವರದಿಗಾರನೂ ಬರೆಯಲಿಲ್ಲ.) ಕೊನೆಗೆ ಪಾಲಿಕೆ ಹತ್ತಿರದ ಉದ್ಯಾನದ ನೆಲದಡಿ ನೀರು ಹಿಡಿದಿಡುವ ದೊಡ್ಡ ಟಾಂಕಿಗಳನ್ನು ಕಟ್ಟಿತು. ತೊಂದರೆ ಪೂರ್ತಿ ಹೋಗಿಲ್ಲ. ಆದರೆ ಪ್ರಶ್ನೆ 'ಜನ ಹೇಗೆ ಸಹಿಸುತ್ತಾರೆ' ಎಂಬಲ್ಲಿಂದ 'ನೀರು ಎಲ್ಲಿಗೆ ಹೋಗಬೇಕು' ಎಂಬಲ್ಲಿಗೆ ಬಂತು.

ಬೀದಿಯಿಂದ ಮನೆಯೊಳಗೆ ಬರೋಣ. ಇಲ್ಲಿ ಈ ಪದಕ್ಕೆ ಕನ್ನಡದಲ್ಲೊಬ್ಬಳು ಅಕ್ಕ ಇದ್ದಾಳೆ: 'ಅನುಸರಿಸಿಕೊಂಡು ಹೋಗು'. ಮದುವೆಯಾಗಿ ಹೊರಡುವ ಹುಡುಗಿಗೆ ಅಜ್ಜಿ ಹೇಳುತ್ತಿದ್ದ ಮಾತು. ಆ ಮಾತಿನಲ್ಲಿ ಯಜಮಾನಿಕೆ ಬಚ್ಚಿಟ್ಟುಕೊಂಡಿರಲಿಲ್ಲ. ಮುಂದೆ ಹೋಗುವವರು ಅವರು, ಹಿಂದೆ ಹೋಗುವವಳು ನೀನು ಎಂದು ನೇರವಾಗಿತ್ತು. ನೇರವಾಗಿದ್ದದ್ದರಿಂದ ಒಬ್ಬಳಾದರೂ ತಿರುಗಿಬಿದ್ದು ಯಾಕೆ ಅನುಸರಿಸಬೇಕು ಎನ್ನಬಹುದಿತ್ತು. 'ಇಬ್ಬರೂ ಸ್ವಲ್ಪ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಮ್ಮ' ಎಂಬ ಇವತ್ತಿನ ಮಾತಿಗೆ ಎದುರಾಡುವುದು ಕಷ್ಟ. ಅದು ಸಮಾನತೆಯ ಬಟ್ಟೆ ತೊಟ್ಟು ಬರುತ್ತದೆ. ಲೆಕ್ಕ ಹಾಕಿದರೆ ಕೆಲಸ ಬಿಟ್ಟವಳು, ಊರು ಬಿಟ್ಟವಳು, ಹೆಸರು ಬದಲಿಸಿಕೊಂಡವಳು, ಹೊಡೆತ ಬಿದ್ದಮೇಲೂ ವಾಪಸ್ಸು ಕಳಿಸಲ್ಪಟ್ಟವಳು ಒಬ್ಬಳೇ. ಆಕೆಯ ಗಂಡ ಅಡ್ಜಸ್ಟ್ ಮಾಡಿಕೊಂಡದ್ದು ಸಾರಿನ ಉಪ್ಪಿಗೆ. ವಧೂವರರ ಜಾಹೀರಾತುಗಳಲ್ಲಿ 'ಹೊಂದಿಕೊಳ್ಳುವ ಸ್ವಭಾವ' ಎಂಬ ಅರ್ಹತೆ ಕನ್ಯೆಯ ಕಾಲಮ್ಮಿನಲ್ಲಿ ಎಷ್ಟು ಸಲ, ವರನ ಕಾಲಮ್ಮಿನಲ್ಲಿ ಎಷ್ಟು ಸಲ ಎಂದು ಒಂದು ಭಾನುವಾರ ಎಣಿಸಿ ನೋಡಿ.

ಇನ್ನೂ ಕೆಟ್ಟ ಅರ್ಥವೊಂದಿದೆ. ಮಲಯಾಳಂ ಚಿತ್ರರಂಗದಲ್ಲಿ ಹೆಂಗಸರ ಸ್ಥಿತಿಗತಿ ಕುರಿತ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರ ಆಗಸ್ಟಿನಲ್ಲಿ ಹೊರಬಂದಾಗ ದೇಶಕ್ಕೆಲ್ಲ ತಿಳಿದದ್ದು, ಆ ಉದ್ಯಮದಲ್ಲಿ 'ಅಡ್ಜಸ್ಟ್‌ಮೆಂಟ್', 'ಕಾಂಪ್ರೊಮೈಸ್' ಎಂಬ ಎರಡು ಪದಗಳು ಏನನ್ನು ಕೇಳಲು ಬಳಕೆಯಲ್ಲಿವೆ ಎಂಬುದು. ಅವಕಾಶ ಬೇಕಾದರೆ ಮೈ ಒಪ್ಪಿಸು ಎಂಬುದನ್ನು ಬಾಯಿಬಿಟ್ಟು ಹೇಳಿದರೆ ಅಪರಾಧ. ಅಡ್ಜಸ್ಟ್ ಮಾಡು ಎಂದರೆ ಅದು ಮಾತುಕತೆ. ಕೇಳಿದವಳಿಗೆ ಅರ್ಥವಾಗುತ್ತದೆ, ಸಾಕ್ಷಿಗೆ ಅರ್ಥವಾಗುವುದಿಲ್ಲ. ಕರ್ಮವನ್ನು ಹೇಳದೆ ಬಿಡುವ ವ್ಯಾಕರಣದ ಸವಲತ್ತು ಹೀಗೆ ಅಪರಾಧಿಗೆ ತಲೆಮರೆಸಿಕೊಳ್ಳುವ ಜಾಗವಾಗುತ್ತದೆ. ಇದು ಕೇರಳದ ಮಾತು ಮಾತ್ರ ಎಂದು ನಂಬುವ ಕನ್ನಡಿಗರಿದ್ದರೆ ಅವರ ಮುಗ್ಧತೆಗೆ ನನ್ನ ನಮಸ್ಕಾರ.

ಮೇಲಿನ ಮಟ್ಟದಲ್ಲಿ ಇದೇ ಪದ ಹೇಗೆ ಬದಲಾಗುತ್ತದೆ ಎಂಬುದನ್ನೂ ಗಮನಿಸಿ. ಕರ್ನಾಟಕದ ರಾಜಕಾರಣಿಗಳು ಒಬ್ಬರ ಮೇಲೊಬ್ಬರು ಹೊರಿಸುವ ಆರೋಪ 'ಹೊಂದಾಣಿಕೆ ರಾಜಕೀಯ', ಆಡುಮಾತಿನಲ್ಲಿ ಅಡ್ಜಸ್ಟ್‌ಮೆಂಟ್ ರಾಜಕೀಯ. ಅಲ್ಲಿ ಅಡ್ಜಸ್ಟ್ ಮಾಡಿಕೊಂಡವರಿಬ್ಬರಿಗೂ ಲಾಭ. ಒಬ್ಬರ ಕೇಸು ನಿಲ್ಲುತ್ತದೆ, ಇನ್ನೊಬ್ಬರ ಕ್ಷೇತ್ರ ಉಳಿಯುತ್ತದೆ. ನಷ್ಟ ಆ ಕೋಣೆಯಲ್ಲಿ ಇಲ್ಲದವರಿಗೆ. 1991ರಲ್ಲಿ ದೇಶದ ವಿದೇಶಿ ವಿನಿಮಯ ಬರಿದಾದಾಗ ಐಎಂಎಫ್, ವಿಶ್ವಬ್ಯಾಂಕುಗಳಿಂದ ಸಾಲದ ಜತೆ ಬಂದ ಔಷಧಿಯ ಹೆಸರು ಸ್ಟ್ರಕ್ಚರಲ್ ಅಡ್ಜಸ್ಟ್‌ಮೆಂಟ್. ಆ ಔಷಧಿ ಬೇಕಿತ್ತೋ ಬೇಡವೋ ಎಂಬ ಚರ್ಚೆ ಬೇರೆ. ನಾನಿಲ್ಲಿ ಅದಕ್ಕೆ ಕೈಹಾಕುವುದಿಲ್ಲ. ಹೆಸರು ಮಾತ್ರ ನೋಡಿ. ಕುರ್ಚಿಯ ಎತ್ತರ ಸರಿಮಾಡಿದಂತೆ ಕೇಳಿಸುತ್ತದೆ.

ನನ್ನ ಸ್ವಂತ ಜಗಳಕ್ಕೆ ಬರುತ್ತೇನೆ. ದಾದರಿನಲ್ಲಿ ಹಳೆಯ ಬಾಡಿಗೆ ಕಟ್ಟಡಗಳು ಬಹಳ. 1896ರ ಪ್ಲೇಗಿನ ನಂತರ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ್, ಮಾಟುಂಗಾಗಳಲ್ಲಿ ಅಗಲ ಬೀದಿ, ಮರ, ಗಾಳಿ ಇಟ್ಟು ಹೊಸ ಬಡಾವಣೆ ಮಾಡಿತು. ಗಿರಣಿ ಕಾರ್ಮಿಕರಿಗೆ ಸಿಕ್ಕಿದ್ದು ಬೇರೆ. ಪಕ್ಕದ ನಾಯ್‌ಗಾಂವಿನಲ್ಲಿ 1920ರ ದಶಕದಲ್ಲಿ ಎದ್ದ ಬಿಡಿಡಿ ಚಾಳುಗಳ ಕೋಣೆ 160 ಚದರಡಿ, ಶೌಚಾಲಯ ಮಹಡಿಗೆಲ್ಲ ಒಂದೇ ಕಡೆ. ಅಲ್ಲಿ ಮೂರು ತಲೆಮಾರು ಬಾಳಿದವು. ಆ ಯೋಜನೆಯ ಪುನರ್ನಿರ್ಮಾಣದಲ್ಲಿ 500 ಚದರಡಿ ಮನೆಯ ಮೊದಲ ಬೀಗದ ಕೈಗಳು ವರಳಿಯ ಕುಟುಂಬಗಳಿಗೆ ಸಿಕ್ಕಿದ್ದು 2025ರ ಆಗಸ್ಟಿನಲ್ಲಿ. ನಾವಿದ್ದದ್ದು ಅದಲ್ಲ, ಖಾಸಗಿ ಮಾಲೀಕರ ಒಂದು ಸಣ್ಣ ಕಟ್ಟಡ. ಕೆಡವಿ ಮೂರು ವರ್ಷದಲ್ಲಿ ಹೊಸದು ಕಟ್ಟಿಕೊಡುತ್ತೇವೆಂದು ಬಿಲ್ಡರ್ ಬಂದ. ಬಾಡಿಗೆ ಹಣ ಕೊಟ್ಟು ನಮ್ಮನ್ನು ಬೇರೆ ಬೇರೆ ಕಡೆ ಕಳಿಸಿದ. ಮೂರು ವರ್ಷ ಐದಾಯಿತು, ಬಾಡಿಗೆ ಹಣ ತಡವಾಗತೊಡಗಿತು, ಆಮೇಲೆ ನಿಂತಿತು. ಪ್ರತಿ ಸಭೆಯಲ್ಲೂ ಅವನ ಕಡೆಯವನ ಉತ್ತರ ಒಂದೇ: ಮಾರ್ಕೆಟ್ ಕೆಟ್ಟಿದೆ, ಥೋಡಾ ಅಡ್ಜಸ್ಟ್ ಕರಾ. ನಾವೆಲ್ಲ ವಿದ್ಯಾವಂತರು. ಕಾನೂನು, ರೇರಾ, ಮ್ಹಾಡಾ ಎಂದೆಲ್ಲ ಮಾತಾಡಿದೆವು. ಅವನು ತಲೆಯಾಡಿಸಿದ. ಕೆಳಮಹಡಿಯಲ್ಲಿದ್ದ ಎಂಬತ್ತು ದಾಟಿದ ಆಜಿ ಒಬ್ಬರು ಮಾತ್ರ ಎದ್ದು, 'ಕಾಯ್ ಅಡ್ಜಸ್ಟ್ ಕರಾಯಚ, ತೇ ಸಾಂಗಾ' ಎಂದರು. ಏನನ್ನು ಅಡ್ಜಸ್ಟ್ ಮಾಡಬೇಕು, ಅದನ್ನು ಹೇಳಿ. ಅವನು ತಡಬಡಿಸಿದ. ಬಾಡಿಗೆ ಎಂದ. ಎಷ್ಟು ತಿಂಗಳದು? ಎಂಟು ತಿಂಗಳದು. ಎಂಟು ಗುಣಿಸು ಇಷ್ಟು, ಗುಣಿಸು ಇಷ್ಟು ಮನೆ. ಆ ಮೊತ್ತ ಗೋಡೆಯ ಮೇಲೆ ಬರೆದಂತೆ ಎಲ್ಲರ ಕಣ್ಣೆದುರು ನಿಂತಿತು. ನಾವು ಅವನಿಗೆ ಬಡ್ಡಿಯಿಲ್ಲದೆ ಸಾಲ ಕೊಡುತ್ತಿದ್ದೆವು, ಅವನು ಅದನ್ನು ನಮ್ಮ ದೊಡ್ಡಗುಣ ಎನ್ನುತ್ತಿದ್ದ. ಮನೆ ಇನ್ನೂ ಸಿಕ್ಕಿಲ್ಲ. ಆದರೆ ಅಂದಿನಿಂದ ಪತ್ರಗಳಲ್ಲಿ ಆ ಪದ ಬರುತ್ತಿಲ್ಲ, ಮೊತ್ತ ಬರುತ್ತಿದೆ.

ಇದನ್ನೆಲ್ಲ ಹೇಳಿದಾಗ ಮುಂಬೈ ಕನ್ನಡಿಗರಲ್ಲಿ ಹಿರಿಯರು ಬೇಸರಪಡುತ್ತಾರೆ. 'ನಾವೆಲ್ಲ ಅಡ್ಜಸ್ಟ್ ಮಾಡಿಕೊಂಡೇ ಮೇಲೆ ಬಂದದ್ದು' ಎನ್ನುತ್ತಾರೆ. ಈ ಆಕ್ಷೇಪವನ್ನು ಹಗುರಾಗಿ ತಳ್ಳಲಾಗದು. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಬಂದು ಹೋಟೆಲುಗಳಲ್ಲಿ ಲೋಟ ತೊಳೆದರು, ರಾತ್ರಿ ಅಂಗಡಿ ಮುಚ್ಚಿದಮೇಲೆ ಅದೇ ಮೇಜುಗಳ ಮೇಲೆ ಮಲಗಿದರು. ಒಂದೇ ಕೋಣೆಯಲ್ಲಿ ಪಾಳಿಯ ಮೇಲೆ ಹಾಸಿಗೆ ಹಂಚಿಕೊಂಡವರಿದ್ದಾರೆ. ಮಾಟುಂಗಾ, ದಾದರಿನ ಉಡುಪಿ ಹೋಟೆಲುಗಳಲ್ಲಿ ಗುರುತಿಲ್ಲದ ನಾಲ್ವರು ಒಂದು ಮೇಜಿನ ಸುತ್ತ ಕೂತು ಇಡ್ಲಿ ತಿನ್ನುವುದು ಇವತ್ತಿಗೂ ಇದೆ, ಅದು ಚೆಂದವೂ ಹೌದು. ಆದರೆ ಹಿರಿಯರೇ, ನಿಮ್ಮ ಕಥೆಯನ್ನು ನೀವೇ ಅರ್ಧ ಹೇಳುತ್ತಿದ್ದೀರಿ. ಆ ಹುಡುಗರು ಮೇಜಿನ ಮೇಲೆ ಮಲಗಿದ್ದರಿಂದ ಮೇಲೆ ಬರಲಿಲ್ಲ. ಮೇಜಿನ ಮೇಲೆ ಮಲಗಿದವರು ಕೋಟೆ ಪ್ರದೇಶದ ರಾತ್ರಿ ಶಾಲೆಗಳಿಗೆ ಹೋದರು. ಆ ಕನ್ನಡ ರಾತ್ರಿ ಶಾಲೆಗಳನ್ನು ಕಟ್ಟಿದವರು ಸಮುದಾಯದ ಸಂಘಗಳವರು. ಹಗಲು ದುಡಿಯುವ ಮಕ್ಕಳಿಗೆ ಹಗಲಿನ ಶಾಲೆ ಒಗ್ಗುವುದಿಲ್ಲವೆಂದು ಶಾಲೆಯ ಹೊತ್ತನ್ನೇ ಬದಲಿಸಿದರು. ಹುಡುಗ ಶಾಲೆಗೆ ಹೊಂದಿಕೊಳ್ಳಲಿ ಎನ್ನದೆ ಶಾಲೆಯನ್ನು ಹುಡುಗನಿಗೆ ಹೊಂದಿಸಿದರು. ಟೀ ಶರ್ಟಿನ ಮೇಲೆ ಬರೆಸಬೇಕಾದ ಮಾತು ಇದ್ದರೆ ಅದು ಅಲ್ಲಿದೆ.

ದಾದರಿನಲ್ಲಿ ಡಿಸೆಂಬರ್ ಆರು ಬಂದರೆ ಇನ್ನೊಂದು ಬಗೆಯ ಗುಂಪು ಕಾಣುತ್ತದೆ. ಚೈತ್ಯಭೂಮಿಗೆ ಲಕ್ಷಾಂತರ ಜನ ಬರುತ್ತಾರೆ, ಕಲಬುರಗಿ, ಬೀದರ್, ವಿಜಯಪುರಗಳಿಂದಲೂ. ಸ್ಥಳೀಯರಲ್ಲಿ ಕೆಲವರು ಅಂದು ಮೂಗು ಮುರಿಯುತ್ತಾರೆ, ಒಂದು ದಿನ ಅಡ್ಜಸ್ಟ್ ಮಾಡಿಕೊಳ್ಳಬೇಕಲ್ಲ ಎಂದು. ಪರೇಲಿನ ಚಾಳಿನ ಕೋಣೆಯಲ್ಲಿ ವರ್ಷಗಟ್ಟಲೆ ಬಾಳಿ, ಆಮೇಲೆ ಹಿಂದೂ ಕಾಲನಿಯಲ್ಲಿ ಪುಸ್ತಕಗಳಿಗೆ ಜಾಗವಿರುವ ರಾಜಗೃಹ ಕಟ್ಟಿಸಿಕೊಂಡ ಅಂಬೇಡ್ಕರರು 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದರು. ಅದಕ್ಕೆ ಮೊದಲು ಆ ಊರಿನ ದಲಿತರಿಗೆ ತಲೆತಲಾಂತರ ಕೊಟ್ಟ ಉಪದೇಶವನ್ನು ಇವತ್ತಿನ ಆಡುಮಾತಿಗೆ ತಂದರೆ ಯಾವ ಪದ ಬರುತ್ತದೆ ಎಂದು ನಾನು ಹೇಳಬೇಕಿಲ್ಲ. ಅಮೆರಿಕದಲ್ಲಿ ಐವತ್ತು, ಅರವತ್ತರ ದಶಕಗಳಲ್ಲಿ ಮನಶ್ಶಾಸ್ತ್ರದವರು ಸಮಾಜಕ್ಕೆ ಹೊಂದಿಕೊಳ್ಳಲಾರದವರನ್ನು 'ಮ್ಯಾಲ್‌ಅಡ್ಜಸ್ಟೆಡ್' ಎಂದು ರೋಗಿಗಳ ಪಟ್ಟಿಗೆ ಸೇರಿಸುತ್ತಿದ್ದರು. 1967ರ ಸೆಪ್ಟೆಂಬರಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅದೇ ಮನಶ್ಶಾಸ್ತ್ರಜ್ಞರ ಸಮ್ಮೇಳನಕ್ಕೆ ಹೋಗಿ, ಜನಾಂಗ ಭೇದದಂಥ ಕೆಲವು ಸಂಗತಿಗಳಿಗೆ ಮನುಷ್ಯ ಎಂದೂ ಅಡ್ಜಸ್ಟ್ ಆಗಕೂಡದು ಎಂದು ಅವರ ಪದವನ್ನೇ ತಿರುಗಿಸಿ ಹೇಳಿ ಬಂದರು.

ಪದವನ್ನು ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಪದಗಳನ್ನು ನಿಷೇಧಿಸುವವರನ್ನು ನೋಡಿದರೆ ನನಗೆ ಭಯ. ನಾನು ಕೇಳುವುದು ಆ ಆಜಿ ಕೇಳಿದ್ದಷ್ಟೇ. ಮೇಲಧಿಕಾರಿ, ಬಿಲ್ಡರ್, ಶಾಲೆಯ ಆಡಳಿತ, ಅತ್ತೆ ಮನೆಯವರು ಅಡ್ಜಸ್ಟ್ ಮಾಡಿ ಎಂದಾಗ ಕರ್ಮಪದ ಕೇಳಿ. ಏನನ್ನು? ಎಷ್ಟು? ಎಲ್ಲಿಯವರೆಗೆ? ನೀವೆಷ್ಟು? ಕೋಪ ಬೇಡ, ವ್ಯಾಕರಣ ಸಾಕು. ಉತ್ತರ ಬಂದರೆ ಒಪ್ಪುವುದೋ ಬಿಡುವುದೋ ಯೋಚಿಸಬಹುದು. ಬರದಿದ್ದರೆ ಅದೂ ಒಂದು ಉತ್ತರ.

ರೈಲಿನಲ್ಲಿ ಜಾಗ ಕೇಳುವುದಕ್ಕೆ ಮಾತ್ರ ನಮ್ಮಲ್ಲಿ ಬೇಕಾದಷ್ಟು ಪದಗಳಿವೆ. ಧಾರವಾಡದ ಕಡೆ 'ತುಸು ಸರದು ಕೂಡ್ರಿ' ಎನ್ನುತ್ತಾರೆ, ಮೈಸೂರಿನ ಕಡೆ 'ಸ್ವಲ್ಪ ಜರುಗಿ', ಇನ್ನು ಕೆಲವರು 'ಒಸಿ ಅತ್ಲಾಗಿ ಸರೀರಿ'. ಇವೆಲ್ಲವುಗಳಲ್ಲೂ ಸರಿಯಬೇಕಾದದ್ದು ಏನು, ಎಷ್ಟು ಎಂಬುದು ಸ್ಪಷ್ಟ: ಕೂತವರ ಮೈ, ಒಂದು ಬೆರಳಿನಷ್ಟು. ನಿಮ್ಮೂರಲ್ಲಿ ಏನನ್ನುತ್ತಾರೆ? ಕಾಸರಗೋಡು, ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಓದುಗರು ವಿಶೇಷವಾಗಿ ಬರೆಯಿರಿ. ಈ ಮೇಲ್‌ಗೇ ಉತ್ತರಿಸಿದರೆ ನನಗೆ ತಲುಪುತ್ತದೆ.